ಕೈಗೆ ಕೊಡದ ಕೋಲು

ಹೋದ ವಾರ ಒಂದು ಬೆಳಗ್ಗೆ ನಮ್ಮನೆಯಲ್ಲಿ ಹುಚ್ಚೆಳ್ಳು ಹುರಿಯುತ್ತಿದ್ದರು. ಆ ವಾಸನೆ ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ. ಗೊತ್ತಿಲ್ಲದವರಿಗೆ ಹೇಳಿದರೂ ತಿಳಿಯುವುದಿಲ್ಲ. ಎಣ್ಣೆ ಕಾದಂಥ, ಬಿಸಿಲಿಗೆ ಹೊಲದ ಮಣ್ಣು ಬಿರಿದಂಥ, ಒಸಿ ಕಹಿ ಬೆರೆತ ಕಪ್ಪು ವಾಸನೆ. ಅದಕ್ಕೆ ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು ಸೇರಿಸಿ ಕುಟ್ಟಿದರೆ ಪುಡಿ ಆಯಿತು. ಬಿಸಿ ಮುದ್ದೆಯ ಪಕ್ಕಕ್ಕೆ ಅದೊಂದಿದ್ದರೆ ಸಾರು ಯಾಕೆ ಬೇಕು ಅನ್ನುವವರು ನಮ್ಮ ಕಡೆ ಇನ್ನೂ ಇದ್ದಾರೆ. ನಾನು ಜಗಲಿಯ ಮೇಲೆ ಪೇಪರ್ ಹಿಡಿದು ಕೂತಿದ್ದೆ. ವಾಸನೆ ಒಳಗಿನಿಂದ ಬಂದು ಮೂಗಿಗೆ ತಾಕಿತು, ಓದುತ್ತಿದ್ದ ಸಾಲು ಕಣ್ಣಿಂದ ಜಾರಿತು. ಸರಿಯಾಗಿ ಅದೇ ಹೊತ್ತಿಗೆ ಗೇಟಿನ ಹತ್ತಿರ ಒಬ್ಬ ಮುದುಕ ಬಂದು ನಿಂತ.

ಯಾರು, ಏನು ಅನ್ನುವುದನ್ನು ಕೊನೆಗೆ ಹೇಳುತ್ತೇನೆ. ಮೊದಲು ಕ್ಯಾಂಟೀನಕ್ಕನ ವಿಷಯ ಹೇಳಿಬಿಡಬೇಕು. ಅವಳನ್ನು ಹೇಳದೆ ಅವನನ್ನು ಹೇಳಿದರೆ ನಾನು ಕೆಟ್ಟವನಾಗಿಬಿಡುತ್ತೇನೆ.

ಕ್ಯಾಂಟೀನಕ್ಕ ನಮ್ಮ ಎದುರುಮನೆಯವಳು. ತಂದೆತಾಯಿ ಇಟ್ಟ ಹೆಸರು ಇತ್ತು, ಆದರೆ ಬಿಡದಿಯ ಸುತ್ತ ಫ್ಯಾಕ್ಟರಿಗಳು ಎದ್ದು, ಅದರಲ್ಲೊಂದರ ಕ್ಯಾಂಟೀನಿನಲ್ಲಿ ಅವಳು ಅಡುಗೆಗೆ ನಿಂತ ಮೇಲೆ ಊರಿಗೆಲ್ಲ ಅದೇ ಹೆಸರಾಯಿತು. ಆಗ ನಮ್ಮ ಕಡೆ ದಿನಕ್ಕೊಂದು ಶೆಡ್ಡು ಏಳುತ್ತಿತ್ತು. ನಿನ್ನೆ ರಾಗಿ ಪೈರು ನೋಡಿದ್ದ ಜಾಗದಲ್ಲಿ ಇವತ್ತು ಜೆಸಿಬಿ ನಿಂತಿರುತ್ತಿತ್ತು. ನಾನೂ ಅದೇ ಫ್ಯಾಕ್ಟರಿಯ ಸ್ಟೋರಿನಲ್ಲಿ ಶಿಫ್ಟಿಗೆ ಹೋಗುತ್ತಿದ್ದೆ. ಅಕ್ಕನ ಗಂಡ ಬಹಳ ಹಿಂದೆಯೇ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಅವಳ ತವರು ಮಂಚನಬೆಲೆ ಕಡೆ, ಬೆಟ್ಟದ ಬುಡದಲ್ಲಿರುವ ಒಂದು ಹಟ್ಟಿ. ಮದುವೆಯಾಗುವವರೆಗೂ ಮೇಕೆಗಳ ಹಿಂದೆ ಬೆಟ್ಟ ಹತ್ತಿ ಇಳಿದು ಬೆಳೆದವಳು. ನಡೆದರೆ ನಡೆದ ಹಾಗೆ ಕಾಣುತ್ತಿರಲಿಲ್ಲ, ನೆಲವೇ ಅವಳನ್ನು ಮುಂದಕ್ಕೆ ದಬ್ಬುತ್ತಿದೆಯೇನೋ ಅನ್ನಿಸುತ್ತಿತ್ತು.

ಬಾಯಿ ಜೋರು. ತಟ್ಟೆ ಹಿಡಿದು ಸಾಲಿನಲ್ಲಿ ನಿಂತವರಿಗೆ ಅನ್ನದ ಜೊತೆ ಒಂದು ಮಾತೂ ಬೀಳುತ್ತಿತ್ತು. "ಏನ್ಲಾ, ಹೆಂಡ್ತಿ ಮನೇಲಿ ಉಣ್ಣಕ್ಕಿಕ್ಕಲ್ವಾ? ಮೂರನೇ ಸಲ ಬತ್ತಿದ್ದೀಯ!" ಅಂತ ಬೈಯುತ್ತಲೇ ಇನ್ನೊಂದು ಸೌಟು ಹಾಕುತ್ತಿದ್ದಳು. ಎಲ್ಲರೂ ಉಂಡ ಮೇಲೆ ತಾನು ಪಾತ್ರೆಗಳ ನಡುವೆ ಕೂತು ಮನೆಯಿಂದ ತಂದ ಡಬ್ಬಿ ಬಿಚ್ಚುತ್ತಿದ್ದಳು. ಕ್ಯಾಂಟೀನಿನ ಅನ್ನ ಅವಳು ಮುಟ್ಟುತ್ತಿರಲಿಲ್ಲ. ಅಕ್ಕಿ ಅನ್ನ ಉಂಡರೆ ಹೊಟ್ಟೆಯಲ್ಲಿ ಯಾರೂ ಇಲ್ಲದ ಹಾಗಾಗುತ್ತದೆ ಅನ್ನೋಳು. ಡಬ್ಬಿಯಲ್ಲಿ ಒಂದು ಮುದ್ದೆ, ಅದರ ಮೇಲೆ ಹುಚ್ಚೆಳ್ಳು ಪುಡಿ. ದಿನಾ ಅದೇ.

ಒಂದು ದಿನ ಮಧ್ಯಾಹ್ನ, ಶಿಫ್ಟ್ ಬಿಡುವ ಹೊತ್ತು. ಗೇಟಿನಲ್ಲಿ ಬ್ಯಾಗ್ ನೋಡಿ ಕಳಿಸುವುದು ಸೆಕ್ಯೂರಿಟಿಯವರ ಕೆಲಸ. ಆವತ್ತು ಸೂಪರ್‌ವೈಸರ್ ತಾನೇ ಬಂದು ನಿಂತಿದ್ದ. ತಿಪ್ಪಸಂದ್ರದ ಕಡೆಯ ಆಳು, ನಮ್ಮಂಥ ಮನೆಯಲ್ಲೇ ಹುಟ್ಟಿದವನು. ಪ್ಯಾಂಟಿಗೆ ಇಸ್ತ್ರಿ ಬಿದ್ದ ಮೇಲೆ ಮಾತಿಗೂ ಬಿದ್ದಿತ್ತು. ಕ್ಯಾಂಟೀನಿನಿಂದ ಸಾಮಾನು ಹೊರಗೆ ಹೋಗುತ್ತಿದೆ ಅಂತ ಮೇಲಿನವರ ಕಿವಿಗೆ ಹಾಕಿದ್ದವನೂ ಅವನೇ. ಹಾಕಿದ ಮೇಲೆ ಯಾರನ್ನಾದರೂ ಹಿಡಿದು ತೋರಿಸಬೇಕಲ್ಲ. ಆ ದಿನ ಯಾರೋ ಅತಿಥಿಗಳು ಬಂದಿದ್ದರಿಂದ ಅಕ್ಕನಿಗೆ ಉಣ್ಣಲು ಹೊತ್ತು ಸಿಕ್ಕಿರಲಿಲ್ಲ. ಡಬ್ಬಿ ತುಂಬಿದ್ದು ತುಂಬಿದ ಹಾಗೇ ಇತ್ತು.

"ಡಬ್ಬಿ ಭಾರವಾಗಿದೆಯಲ್ಲಮ್ಮ?" ಅಂದ.

"ನಮ್ಮನೇದು ಸಾ. ಉಣ್ಣಕ್ಕೆ ಹೊತ್ತು ಸಿಗ್ಲಿಲ್ಲ."

"ಎಲ್ಲ ಕಳ್ಳರೂ ಇದನ್ನೇ ಹೇಳೋದು."

ಅಂದವನೇ ಡಬ್ಬಿ ಕಿತ್ತುಕೊಂಡು, ಮುಚ್ಚಳ ತೆಗೆದು ಬೋರಲು ಹಾಕಿದ. ಮುದ್ದೆ ದೊಪ್ಪನೆ ಬಿದ್ದು ಧೂಳಿನಲ್ಲಿ ಉರುಳಿತು. ಪುಡಿ ಕಪ್ಪಗೆ ಚೆಲ್ಲಿಕೊಂಡಿತು. ನಾನು ಸಾಲಿನಲ್ಲಿ ಹಿಂದೆ ನಿಂತಿದ್ದೆ, ತಡೆಯಲಾರದೆ ಕೂಗಿದೆ: "ಸಾ, ಕ್ಯಾಂಟೀನಲ್ಲಿ ಮುದ್ದೆ ಯಾವತ್ತು ಮಾಡವ್ರೆ? ನಮಗೆ ಇಕ್ಕೋದು ಬರೀ ಅನ್ನ ಅಲ್ವಾ?" ಸಾಲಿಗೆ ಸಾಲೇ ನಕ್ಕಿತು. ಅವನ ಕಿವಿ ಕೆಂಪಾದದ್ದು ನನಗೆ ಕಾಣಿಸಿತು. ಅಲ್ಲಿಗೆ ಬಿಟ್ಟಿದ್ದರೆ ಆಗುತ್ತಿತ್ತು. ಬಿಡಲಿಲ್ಲ. ಬೂಟಿನ ತುದಿಯಿಂದ ಮುದ್ದೆಯನ್ನು ತೋರಿಸಿ, ಅಕ್ಕನ ಮುಖ ನೋಡಿ ಅಂದ: "ಮಣ್ಣಾಯ್ತು ಅಂತ ಅಳ್ಬೇಡ. ಎತ್ಕೊ. ಒರೆಸ್ಕೊಂಡು ತಿನ್ನು."

ಅಕ್ಕ ಅಳಲಿಲ್ಲ. ಬಗ್ಗಲೂ ಇಲ್ಲ. ಅವನ ಕೈಯಲ್ಲಿದ್ದ ಖಾಲಿ ಡಬ್ಬಿಯನ್ನೂ ಕೇಳದೆ ಗೇಟು ದಾಟಿ ನಡೆದುಬಿಟ್ಟಳು. ಮಾರನೇ ದಿನದಿಂದ ಕೆಲಸಕ್ಕೆ ಬರಲಿಲ್ಲ. ಆಫೀಸಿನಿಂದ ಹೇಳಿ ಕಳಿಸಿದರು, ಹೋಗಲಿಲ್ಲ. ಡಬ್ಬಿಯನ್ನು ನಾನೇ ತಂದುಕೊಟ್ಟೆ. ತೊಳೆದು ಅಟ್ಟಕ್ಕೆ ಹಾಕಿದಳು. ಒಂದು ಜೊತೆ ಮೇಕೆ ಹಿಡಿದು ಮತ್ತೆ ಮೇಯಿಸಲು ಶುರು ಮಾಡಿದಳು. ನಾನು ಸಮಾಧಾನ ಹೇಳಲು ಹೋದರೆ ತಡೆದಳು.

"ಕಳ್ಳಿ ಅಂದ, ಅದ ತಡ್ಕೊಂಡೆ ಕಣ್ಲಾ. ನನ್ನ ಕೈಯಾರ ತಿರುವಿದ ಮುದ್ದೇನ ಬೂಟಲ್ಲಿ ತೋರ್ಸ್ದ. ಅವ್ನು ಬಗ್ಗಬೇಕು. ಊರು ನೋಡಂಗೆ ಬಗ್ಗಬೇಕು. ಅಲ್ಲೀಗಂಟ ನಂಗೆ ಮುದ್ದೆ ಗಂಟಲಲ್ಲಿ ಇಳಿಯಾಕಿಲ್ಲ."

ನಿಜಕ್ಕೂ ಅವಳು ಮುದ್ದೆ ಬಿಟ್ಟಳು. ಅಂಬಲಿ ಕುಡಿಯುತ್ತಿದ್ದಳು, ರೊಟ್ಟಿ ತಿನ್ನುತ್ತಿದ್ದಳು. ಮುದ್ದೆ ಕೋಲು ಅಡುಗೆಮನೆಯ ಮೂಲೆಯಲ್ಲಿ ಒಣಗಿ ನಿಂತಿತ್ತು.

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ಎರಡು ಮನೆಯವರು ಮಾತು ಬಿಟ್ಟರು ಅನ್ನಿ, ಆಮೇಲೆ ಅವರ ನಡುವೆ ಕೈಯಿಂದ ಕೈಗೆ ಏನೂ ಹೋಗಬಾರದು. ಉಪ್ಪಿಲ್ಲ, ಕುಡುಗೋಲಿಲ್ಲ, ದೇವರ ಪ್ರಸಾದವೂ ಇಲ್ಲ. ಕೊಡಲೇಬೇಕಾಗಿ ಬಂದರೆ ಕೊಡುವವನು ನೆಲದ ಮೇಲಿಟ್ಟು ಹಿಂದಕ್ಕೆ ಸರಿಯುತ್ತಾನೆ, ಬೇಕಾದವನು ಬಗ್ಗಿ ಎತ್ತಿಕೊಳ್ಳುತ್ತಾನೆ. ಬಗ್ಗಿದವನು ಸೋತ ಅಂತ ಲೆಕ್ಕ. ಅದಕ್ಕೇ ಯಾರೂ ಬಗ್ಗುವುದಿಲ್ಲ. ಮಧ್ಯೆ ಒಬ್ಬರನ್ನು ಇಟ್ಟುಕೊಳ್ಳುತ್ತಾರೆ. ನಮ್ಮ ಸ್ವಂತ ಚಿಕ್ಕಪ್ಪಂದಿರಿಬ್ಬರು ಒಂದೇ ಗೋಡೆಯ ಎರಡು ಕಡೆ ಹೀಗೆ ಬದುಕಿ ಹೋದರು. ಅವರ ನಡುವೆ ಬೀಡಿ, ಬೆಂಕಿಪೊಟ್ಟಣ ಎಲ್ಲ ನಮ್ಮಮ್ಮನ ಕೈ ಮೂಲಕವೇ ಓಡಾಡುತ್ತಿದ್ದವು. ಹೊರಗಿನವರಿಗೆ ಇದು ನಗು. ನಮ್ಮವರಿಗೆ ಮಾತ್ರ ಅದರ ಬಿಸಿ ಗೊತ್ತು.

ಹೀಗಿರುವಾಗ ಆ ಓಟ ಬಂತು.

ಆ ಭಾಗದ ಫ್ಯಾಕ್ಟರಿಗಳ ಸಾಹೇಬರೆಲ್ಲ ಸೇರಿ ಬೆಟ್ಟದ ರಿಲೇ ಓಟ ಅಂತ ಮಾಡಿದರು. ಕನಕಪುರದ ಕಡೆ ಕಬ್ಬಾಳದ ಬೆಟ್ಟದ ಬುಡದಿಂದ ಬೆಳಕು ಹರಿಯುವಾಗ ಹೊರಟು, ಗುಡ್ಡ, ಕಾಡಂಚು, ಬಂಡೆ ಎಲ್ಲ ದಾಟಿ ಮಾಗಡಿಯ ಸಾವನದುರ್ಗದ ಬುಡಕ್ಕೆ ಮುಟ್ಟಬೇಕು. ಇಡೀ ದಿನದ ಓಟ. ಒಂದು ಟೀಮಿಗೆ ಐದು ಜನ, ಒಬ್ಬೊಬ್ಬರಿಗೆ ಒಂದೊಂದು ತುಂಡು ದಾರಿ. ಓಡುವವರ ಕೈಯಲ್ಲಿ ಚನ್ನಪಟ್ಟಣದಲ್ಲಿ ಕಡೆದು ಅರಗಿನ ಬಣ್ಣ ಹಾಕಿದ ಒಂದು ಗಿಡ್ಡ ಕೋಲು. ಅದು ಐವರ ಕೈಯಲ್ಲೂ ಹಾದು ಕೊನೆ ಮುಟ್ಟಬೇಕು. ಬಿದ್ದರೆ ಎತ್ತಿಕೊಂಡು ಓಡಬಹುದು, ಬದಲಿಸುವ ಹಾಗಿಲ್ಲ. ಪತ್ರಿಕೆಯವರು ಮೆಚ್ಚಬೇಕಲ್ಲ, ಅದಕ್ಕೆ ಇನ್ನೊಂದು ನಿಯಮ: ಪ್ರತಿ ಟೀಮಿನಲ್ಲೂ ಸುತ್ತಮುತ್ತಲ ಹಳ್ಳಿಯ ಒಬ್ಬ ಹೆಂಗಸು ಇರಲೇಬೇಕು.

ನಮ್ಮ ಟೀಮಿಗೆ ಸೂಪರ್‌ವೈಸರೇ ಕ್ಯಾಪ್ಟನ್. ಅವನು ಚೆನ್ನಾಗಿ ಓಡುತ್ತಿದ್ದ, ಅದರಲ್ಲಿ ಸುಳ್ಳು ಹೇಳಬಾರದು; ಕಾಲೇಜಿನ ಓಟದಲ್ಲಿ ಕಪ್ ಗೆದ್ದವನು. ಪೇಂಟ್ ಶಾಪಿನ ಇಬ್ಬರು ಹುಡುಗರನ್ನು ಆರಿಸಿದರು. ಇಬ್ಬರೂ ಟೆಂಪರವರಿ. ಗೆದ್ದರೆ ಪರ್ಮನೆಂಟ್ ಮಾಡುತ್ತೇವೆ ಅಂತ ದೊಡ್ಡ ಸಾಹೇಬರು ಎಲ್ಲರೆದುರು ಹೇಳಿದ್ದರು. ಸ್ಟೋರಿನಲ್ಲಿ ಕೂತು ಬೊಜ್ಜು ಬಂದಿರದ ಒಬ್ಬನೇ ಒಬ್ಬ ಅಂತ ನನ್ನನ್ನೂ ಎಳೆದುಕೊಂಡರು. ಉಳಿದದ್ದು ಹೆಂಗಸಿನ ಜಾಗ. ರಾಮನಗರದ ಬಂಡೆಗಳಿಂದ ಮಂಚನಬೆಲೆ ಡ್ಯಾಮಿನವರೆಗೆ, ಎಲ್ಲಕ್ಕಿಂತ ಕೆಟ್ಟ ದಾರಿ. ಅದನ್ನು ಯಾರು ಓಡುತ್ತಾರೆ ಅಂದರೆ ಊರಿನ ಯಾರನ್ನು ಕೇಳಿದರೂ ಒಂದೇ ಉತ್ತರ. ಒಂದು ಸಂಜೆ ಆಫೀಸಿನ ಜೀಪು ನನ್ನನ್ನು ಕೂರಿಸಿಕೊಂಡು ಬಂದು ಅಕ್ಕನ ಮನೆ ಮುಂದೆ ನಿಂತಿತು.

ಬೆಂಗಳೂರಿನಿಂದ ಬಂದಿದ್ದ ಮ್ಯಾನೇಜರ್ ಸಾಹೇಬರು ಒಳ್ಳೆಯವರೇ. ಬಹಳ ಮರ್ಯಾದೆಯಿಂದ ಕೇಳಿದರು. ಅಕ್ಕ ಮೇಕೆಗೆ ಸೊಪ್ಪು ಕಟ್ಟುತ್ತಾ ನನ್ನನ್ನು ಕೇಳಿದಳು, "ಆ ಸೂಪರ್‌ವೈಸರೂ ಓಡ್ತಾನೇನ್ಲಾ?"

"ಕೊನೇದು ಅವನದೇ ಅಕ್ಕ."

"ನಂದು ಅದ್ರ ಹಿಂದಿನ್ದು. ಅಂದ್ರೆ ಅವ್ನಿಗೆ ಕೋಲು ಕೊಡೋಳು ನಾನು."

"ಹೂಂ."

ಸೊಪ್ಪಿನ ಹಗ್ಗ ಬಿಗಿದು ಸೊಂಟಕ್ಕೆ ಕೈಯೊರೆಸಿಕೊಂಡು, "ಬತ್ತೀನಿ ಅನ್ನು," ಅಂದು ನಕ್ಕಳು. ಸಾಹೇಬರ ಮುಖ ಅರಳಿತು. ಆದರೆ ಅವಳ ನಗು ನನಗೆ ಗೊತ್ತಿತ್ತು. ಇದು ಆ ನಗು ಆಗಿರಲಿಲ್ಲ...

ಪ್ರಾಕ್ಟೀಸ್ ಶುರುವಾಯಿತು. ಕಂಪನಿ ಕೊಟ್ಟ ಬೂಟಿನಲ್ಲಿ ಅಕ್ಕ ಅವರೆಬೀಜ ತುಂಬಿ ಮೊಳೆಗೆ ನೇತುಹಾಕಿದಳು. ಸೀರೆ ಎತ್ತಿ ಕಚ್ಚೆ ಕಟ್ಟಿ, ಬರಿಗಾಲಲ್ಲಿ ಬಂಡೆ ಏರುತ್ತಿದ್ದಳು. ನಾವು ಏದುಸಿರು ಬಿಡುತ್ತಾ ಹಿಂದೆ ಬಿದ್ದರೆ ಮೇಲಿನಿಂದ ಕೂಗು ಬರುತ್ತಿತ್ತು: "ಏನ್ರಲಾ, ಉಸುರ್ನ ಲಾಕರಲ್ಲಿ ಮಡಗಿ ಬಂದ್ರಾ?" ಪೇಂಟ್ ಶಾಪ್ ಹುಡುಗರಿಗೆ ಅವಳೆಂದರೆ ಪ್ರಾಣ. ಬಂಡೆ ಇಳಿಯುವಾಗ ಮೈ ಹಿಂದಕ್ಕೆ ಹಾಕದೆ ಮುಂದಕ್ಕೇ ಬಿಡಬೇಕು, ಹೆದರಿದ ಕಾಲೇ ಜಾರೋದು ಅಂತ ಕಲಿಸಿದ್ದೂ ಅವಳೇ. ಹಿರಿಯವನು ಎಲ್ಲದಕ್ಕೂ ನಗುವವನು. ಕಿರಿಯವನಿಗೆ ಮದುವೆ ಗೊತ್ತಾಗಿತ್ತು. ಕೆಲಸ ಪರ್ಮನೆಂಟ್ ಆಗಲಿ ಅಂತ ಹೆಣ್ಣಿನ ಕಡೆಯವರು ಕಾಯುತ್ತಿದ್ದರು.

ಒಂದು ದಿನ ಸೂಪರ್‌ವೈಸರೂ ಪ್ರಾಕ್ಟೀಸಿಗೆ ಬಂದ. ಬಂದವನು ಏನೂ ಆಗೇ ಇಲ್ಲ ಅನ್ನುವ ದನಿಯಲ್ಲಿ, "ಆಗಿದ್ದೆಲ್ಲ ಮರ್ತುಬಿಡಮ್ಮ. ನಾವೀಗ ಒಂದೇ ಟೀಮು," ಅಂದ. ತಪ್ಪಾಯಿತು ಅನ್ನಲಿಲ್ಲ ನೋಡಿ. ಮರೆಯುವ ಕೆಲಸವನ್ನೂ ಅವಳಿಗೇ ವಹಿಸಿದ.

ಅಕ್ಕ ನನ್ನ ಕಡೆ ತಿರುಗಿ, "ಯಾರೋ ಏನೋ ಅಂದಂಗಾಯ್ತಲ್ಲ? ಗಾಳಿ ಇರ್ಬೇಕು ಬುಡು," ಅಂದಳು.

ಆವತ್ತು ಕೋಲು ಅವನಿಗೆ ಮುಟ್ಟಬೇಕಾದಾಗ ಅವಳು ನನ್ನ ಕೈಗೆ ಕೊಟ್ಟಳು, ನಾನು ಅವನಿಗೆ ಕೊಟ್ಟೆ. ಸಾಹೇಬರು ಗಮನಿಸಲಿಲ್ಲ. ಸೂಪರ್‌ವೈಸರ್ ಗಮನಿಸಿದ. ಅವನಿಗೂ ಅಜ್ಜಿ ಇದ್ದಳಲ್ಲ, ಅವನ ಊರಿನಲ್ಲೂ ಮಾತು ಬಿಟ್ಟವರು ಇದ್ದರಲ್ಲ.

ಆ ಸಂಜೆ ನನಗೆ ಪೂರ್ತಿ ಅರ್ಥವಾಯಿತು. ಅಕ್ಕನ ಜಗಲಿ ಮೇಲೆ ಕೂತು ಹೇಳಿದೆ, "ಅಕ್ಕ, ನೀನು ಏನು ಮಾಡ್ತೀಯ ಅಂತ ಗೊತ್ತಾಯ್ತು. ಅವ್ನು ನಿಂತ್ಕೊಂಡ್ರೆ, ಬಗ್ಗದೇ ಇದ್ರೆ? ಹುಡುಗ್ರ ಕೆಲ್ಸ ಐತೆ ಇದ್ರಾಗೆ."

ಮೇಕೆ ಮೆಲುಕು ಹಾಕುವುದು ಕೇಳುತ್ತಿತ್ತು. ಅಕ್ಕ ಅಂದಳು:

"ಅದ್ಕೇ ಕಣ್ಲಾ ನಾನು ಓಡೋದು. ಬರೀ ಅವನ್ನ ಬಗ್ಗಿಸಬೇಕು ಅಂದಿದ್ರೆ ನಡ್ಕೊಂಡೇ ಬರಬೋದಾಗಿತ್ತು. ಯಾರೂ ಕಣ್ಣಿಗೆ ಕಾಣ್ದಷ್ಟು ಮುಂದ್ ಬತ್ತೀನಿ. ಅವ್ನು ಬಗ್ಗಿ, ಎತ್ತಿ, ಒರೆಸ್ಕೊಂಡು, ನೀರು ಕುಡ್ದು ಹೋದ್ರೂ ಗೆಲ್ಲಬೇಕು, ಅಷ್ಟು ಮುಂದೆ. ಬಗ್ಗೋಕೆ ಬೇಕಾದ ಹೊತ್ತ ನಾನು ನನ್ನ ಕಾಲಲ್ಲಿ ದುಡ್ದು ತತ್ತೀನಿ. ಆಮ್ಯಾಕೂ ಬಗ್ಗದೇ ಸೋತ್ರೆ, ಸೋಲ್ಸ್ದೋನು ಅವ್ನು."

ಅದು ನ್ಯಾಯವಾಗಿತ್ತೋ ಇಲ್ಲವೋ... ಆದರೆ ಆ ಮಾತು ಕೇಳಿ ನನ್ನ ಮೈ ಬಿಸಿಯಾದದ್ದು ನಿಜ. ಗೇಟಿನಲ್ಲಿ ಉರುಳಿದ ಮುದ್ದೆ ನನ್ನ ಕಣ್ಣಿನಿಂದಲೂ ಹೋಗಿರಲಿಲ್ಲ.

ಓಟದ ದಿನ ನಮ್ಮ ಹುಡುಗರು ಚೆನ್ನಾಗಿಯೇ ಓಡಿದರು. ಹಾರೋಹಳ್ಳಿಯ ಕಡೆಯ ಕಾಡಂಚಿನಲ್ಲಿ ಕೋಲು ನನ್ನ ಕೈ ಸೇರಿದಾಗ ನಾವು ಎರಡನೆಯವರು. ರಾಮನಗರದ ಬಂಡೆಗಳು ಕಾಣುವ ಹೊತ್ತಿಗೆ ನನ್ನ ದೆಸೆಯಿಂದ ಮೂರನೆಯವರಾಗಿದ್ದೆವು. ಕಾಲು ಕಟ್ಟಿಗೆಯಾಗಿತ್ತು, ಎದೆಯಲ್ಲಿ ಯಾರೋ ಕುಲುಮೆ ಊದುತ್ತಿದ್ದರು. ಬಂಡೆಯ ನೆರಳಿನಲ್ಲಿ ಅಕ್ಕ ಕಚ್ಚೆ ಕಟ್ಟಿ ನಿಂತಿದ್ದಳು. ನಮ್ಮ ಟೀಮಿನ ಹಳದಿ ಕೋಲು ಬೆವರಿನಿಂದ ಜಾರುತ್ತಿತ್ತು. ಅವಳು ನನ್ನ ಕೈಯಿಂದ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು, ಪ್ರಸಾದ ತೆಗೆದುಕೊಂಡ ಹಾಗೆ. "ನೀರು ಕುಡಿ, ಸಾಯ್ಬೇಡ," ಅಂದವಳೇ ಬಂಡೆಗಳ ಸಂದಿಯಲ್ಲಿ ಮಾಯವಾದಳು. ಮುಂದೆ ಹೋಗಿದ್ದ ಎರಡು ಟೀಮಿನವರು ಬಟ್ಟೆ ಕಟ್ಟಿ ಗುರುತು ಮಾಡಿದ್ದ ದಾರಿಯಲ್ಲಿ, ನೆಲ ನೋಡಿಕೊಂಡು ಹೆಜ್ಜೆ ಇಡುತ್ತಿದ್ದರು. ಇವಳು ಅದೇ ದಾರಿಯಲ್ಲಿ, ನೆಲ ನೋಡದೆ.

ನನ್ನನ್ನು ಜೀಪಿನಲ್ಲಿ ಹಾಕಿ ರಸ್ತೆ ಸುತ್ತಿ ಮಂಚನಬೆಲೆಗೆ ಕರೆದೊಯ್ದರು. ಡ್ಯಾಮಿನ ಹತ್ತಿರ ಶಾಮಿಯಾನ, ಮೈಕು, ಸಾಹೇಬರುಗಳು. ಬಸ್ಸಿನಲ್ಲಿ ಕರೆತಂದಿದ್ದ ನಮ್ಮ ಶಿಫ್ಟಿನವರು ಒಂದು ಕಡೆ. ಸುತ್ತಲ ಹಳ್ಳಿಗಳವರು, ಅಕ್ಕನ ತವರಿನ ಹಟ್ಟಿಯವರು ಇನ್ನೊಂದು ಕಡೆ. ನೆಲಕ್ಕೆ ಸುಣ್ಣದ ಗೆರೆ ಎಳೆದಿದ್ದರು. ಗೆರೆಯ ಆಚೆ ಸೂಪರ್‌ವೈಸರ್ ಹೊಸ ಬೂಟು ಹಾಕಿಕೊಂಡು ಕಾಲು ಕುಣಿಸುತ್ತಾ ನಿಂತಿದ್ದ. ಎದುರಿಗೆ ಗುಡ್ಡದ ಇಳಿಜಾರು ಪೂರ್ತಿ ಕಾಣುತ್ತಿತ್ತು.

ಗುಡ್ಡದ ನೆತ್ತಿಯಲ್ಲಿ ಒಂದು ಚುಕ್ಕಿ ಕಾಣಿಸಿತು. ಮೈಕಿನವನು ಬೇರೆ ಯಾವುದೋ ಟೀಮಿನ ಹೆಸರು ಹೇಳಿದ. ಹಟ್ಟಿಯ ಒಬ್ಬ ಅಜ್ಜ, "ಲೇ, ಅದು ನಮ್ಮ ಹೆಣ್ಣು ಕಣ್ಲಾ, ಮೇಕೆ ಇಳ್ದಂಗೆ ಇಳೀತಾ ಐತೆ!" ಅಂದ. ಸೀರೆಯ ಬಣ್ಣ ಕಂಡ ಮೇಲೆ ನಮ್ಮ ಶಿಫ್ಟಿನವರು ಶಿಳ್ಳೆ ಹಾಕಲು ಶುರು ಮಾಡಿದರು. ಅವಳ ಹಿಂದೆ ಯಾರೂ ಇರಲಿಲ್ಲ. ಇಳಿಜಾರು ಮುಕ್ಕಾಲು ಇಳಿದರೂ ನೆತ್ತಿ ಖಾಲಿಯಾಗಿಯೇ ಇತ್ತು. ಅಷ್ಟು ಹೊತ್ತು ದುಡಿದು ತಂದಿದ್ದಳು.

ಓಡಿ ಬಂದಳು. ಸೂಪರ್‌ವೈಸರ್ ಬಲಗೈ ಹಿಂದಕ್ಕೆ ಚಾಚಿ ನಿಂತಿದ್ದ. ಅಕ್ಕ ಗೆರೆಯ ಹತ್ತಿರ ಬಂದವಳು ನಿಂತಳು. ಉಸಿರು ಒಂದು ಸಲ ಒಳಕ್ಕೆ ತೆಗೆದುಕೊಂಡಳು. ಮೊಣಕಾಲು ಮಡಿಸಿ, ಹಸುಗೂಸನ್ನು ಮಲಗಿಸುವಷ್ಟು ನಿಧಾನವಾಗಿ, ಕೋಲನ್ನು ಸುಣ್ಣದ ಗೆರೆಯ ಮೇಲೆ ಮಲಗಿಸಿದಳು. ಎದ್ದು ಹಿಂದಕ್ಕೆ ಸರಿದಳು.

ಮೊದಲು ಶಿಳ್ಳೆ ನಿಂತಿತು. ಆಮೇಲೆ ಎಲ್ಲ ನಿಂತಿತು. ಹಳ್ಳಿಯವರು ಕೂತಿದ್ದ ಕಡೆಯಿಂದ ಒಂದು ದೀರ್ಘ "ಓ..." ಕೇಳಿಸಿತು. ಅವರಿಗೆ ಯಾರೂ ಏನೂ ವಿವರಿಸಬೇಕಾಗಿರಲಿಲ್ಲ. ಶಾಮಿಯಾನದ ಕೆಳಗಿನ ಸಾಹೇಬರಿಗೆ ಮಾತ್ರ ಏನೂ ತಿಳಿಯಲಿಲ್ಲ. "ಯಾಕೆ ನಿಂತ? ತಗೊಂಡು ಓಡ್ರೀ!" ಅಂತ ಮ್ಯಾನೇಜರ್ ಕೂಗಿದರು.

ಅವನು ಚಾಚಿದ ಕೈಯನ್ನು ಹಿಂದಕ್ಕೆ ತೆಗೆಯಲಿಲ್ಲ. "ಕೈಗೆ ಕೊಡು," ಅಂದ, ಹಲ್ಲು ಕಚ್ಚಿ. ಅಕ್ಕ ಕೇಳಿಸಿಕೊಳ್ಳಲಿಲ್ಲ. ಪಕ್ಕದ ಕಲ್ಲಿನ ಮೇಲೆ ಕೂತಳು. ಯಾರೋ ಕೊಟ್ಟ ಚೊಂಬಿನಿಂದ ನೀರು ಕುಡಿದಳು, ಕಾಲಿಗೆ ಚುಚ್ಚಿದ್ದ ಮುಳ್ಳು ಹುಡುಕಿ ಕಿತ್ತಳು. ಅವನು ನನ್ನ ಕಡೆ ನೋಡಿದ. ಮಧ್ಯದವನು ಬೇಕಾಗಿತ್ತು ಅವನಿಗೆ. ನಾನು ಎತ್ತಿಕೊಡಲಿ ಅಂತ. ನಾನು ನನ್ನ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ.

ಗುಡ್ಡದ ನೆತ್ತಿಯಲ್ಲಿ ಎರಡನೆಯ ಚುಕ್ಕಿ ಕಾಣಿಸಿತು.

"ಸಾರ್, ಎತ್ಕೊಳ್ಳಿ ಸಾರ್!" ಕಿರಿಯವನು ಅಳುವ ದನಿಯಲ್ಲಿ ಕೂಗಿದ. ಚುಕ್ಕಿ ಆಳಾಯಿತು. ಆಳು ಇಳಿಜಾರಿನ ಅರ್ಧಕ್ಕೆ ಬಂದ. ಸೂಪರ್‌ವೈಸರ್‌ನ ಕುತ್ತಿಗೆಯ ನರ ಎದ್ದಿತ್ತು. ಅಕ್ಕ ಮುಳ್ಳನ್ನು ಬೆರಳಲ್ಲಿ ಹಿಡಿದು ನೋಡುತ್ತಿದ್ದಳು. ಆ ಟೀಮಿನ ಮುಂದಿನವನು ಗೆರೆಯ ಹತ್ತಿರ ಬಂದು ಕೈ ಚಾಚಿ ನಿಂತ. ಅದು ಕಂಡ ಮೇಲೆ ಇವನ ಬೆನ್ನು ಮುರಿಯಿತು. ಬಗ್ಗಿದ.

ಎಲ್ಲರೂ ನೋಡುತ್ತಿದ್ದರು. ನಮ್ಮ ಶಿಫ್ಟು, ಹಟ್ಟಿ, ಅಡುಗೆಯವರು, ಪೊಲೀಸಿನವರು, ಕಡಲೆಕಾಯಿ ಮಾರುವವರು. ಅವನ ತಲೆ ಅಕ್ಕನ ಪಾದದ ಮಟ್ಟಕ್ಕೆ ಬಂದಾಗ ಅವಳು ಕೂತಲ್ಲಿಂದಲೇ, ದನಿ ಏರಿಸದೆ ಅಂದಳು:

"ಮಣ್ಣಾಯ್ತು ಅಂತ ಅಳ್ಬೇಡ. ಎತ್ಕೊ. ಒರೆಸ್ಕೊಂಡು ಓಡು."

ಆವತ್ತು ಸಾಲಿನಲ್ಲಿದ್ದ ಅಷ್ಟೂ ಜನಕ್ಕೆ ಗೇಟು ನೆನಪಾಯಿತು. ನಗು ಎದ್ದಿತು ನೋಡಿ... ಡ್ಯಾಮಿನ ನೀರಿನ ಮೇಲೆ ಹೋಗಿ ಆಚೆ ಗುಡ್ಡಕ್ಕೆ ತಾಕಿ ವಾಪಸು ಬಂತು. ಆ ನಗುವಿನೊಳಗೇ ಅವನು ಓಡಿದ. ಆ ಹೊತ್ತಿಗೆ ಆ ಟೀಮಿನ ಕೋಲು ಕೈ ಬದಲಾಗಿ ಇನ್ನೊಬ್ಬ ಅವನ ಮುಂದಿದ್ದ. ಓಡುವವನಿಗೆ ಕಾಲು ಬೇಕು, ಎದೆ ಬೇಕು. ಅವನ ಹತ್ತಿರ ಆಗ ಬೆನ್ನು ಒಂದೇ ಇತ್ತು, ಅದೂ ಉರಿಯುತ್ತಿದ್ದ ಬೆನ್ನು. ಸಾವನದುರ್ಗದ ಬುಡದಲ್ಲಿ ನಾವು ಎರಡನೆಯವರಾದೆವು.

ಮಾರನೇ ದಿನ ಆಫೀಸಿನಲ್ಲಿ ಮ್ಯಾನೇಜರ್ ಅವನನ್ನು ನಿಲ್ಲಿಸಿ ಕೇಳಿದರಂತೆ. "ಅವರು ಕೆಳಗಿಟ್ಟರು, ಸರಿ. ಎತ್ಕೊಂಡು ಓಡೋದಕ್ಕೇನಾಗಿತ್ತು? ಒಂದು ಕೋಲು ಎತ್ಕೊಳ್ಳೋಕೆ ಅಷ್ಟು ಹೊತ್ತಾ?" ಅವನು ಏನು ಹೇಳಬೇಕು? ಪದ್ಧತಿ ಹೇಳಬೇಕಾದರೆ ಮಾತು ಬಿಟ್ಟದ್ದು ಯಾಕೆ ಅಂತ ಹೇಳಬೇಕು. ಅದನ್ನು ಹೇಳಬೇಕಾದರೆ ಗೇಟು ಹೇಳಬೇಕು, ಮುದ್ದೆ ಹೇಳಬೇಕು, ಬೂಟು ಹೇಳಬೇಕು. ಸುಮ್ಮನೆ ನಿಂತನಂತೆ. ಆ ಸುದ್ದಿ ತಂದು ಹೇಳಿದಾಗ ಅಕ್ಕ ಅಡುಗೆಮನೆಯಲ್ಲಿದ್ದಳು. ಮೂಲೆಯಲ್ಲಿ ನಿಂತಿದ್ದ ಮುದ್ದೆ ಕೋಲು ತೊಳೆದು ಒಲೆ ಮುಂದೆ ಇಟ್ಟುಕೊಂಡಿದ್ದಳು. ಆ ರಾತ್ರಿ ನಾನೂ ಅವಳ ಮನೆಯಲ್ಲೇ ಉಂಡೆ. ಮುದ್ದೆ, ಹುಚ್ಚೆಳ್ಳು ಪುಡಿ. ಅಂಥ ಊಟ ಮತ್ತೆ ಉಂಡಿಲ್ಲ.

ಕಥೆ ಇಲ್ಲಿಗೇ ಮುಗಿದಿದ್ದರೆ ಹೇಳುವವನಿಗೂ ಸುಖ, ಕೇಳುವವರಿಗೂ ಸುಖ. ಆದರೆ ಹುಡುಗರು ಪರ್ಮನೆಂಟ್ ಆಗಲಿಲ್ಲ. ಹಿರಿಯವನು ನಗುವವನೇ, "ಅಕ್ಕ, ಇನ್ನೊಂದ್ಸಲ ಮಡಗು, ಬಗ್ಗೋದ ನೋಡಣ," ಅನ್ನುತ್ತಿದ್ದ. ಬೇರೆ ಫ್ಯಾಕ್ಟರಿ ಸೇರಿಕೊಂಡ. ಕಿರಿಯವನ ಮದುವೆ ಮುಂದಕ್ಕೆ ಹೋಯಿತು, ಆ ಹೆಣ್ಣಿನ ಕಡೆಯವರು ಬೇರೆ ಗಂಡು ನೋಡಿಕೊಂಡರು. ಅವನು ಅಕ್ಕನ ಜೊತೆ ಮಾತು ಬಿಟ್ಟ. ಎದುರಿಗೆ ಸಿಕ್ಕರೆ ರಸ್ತೆಯ ಆ ಕಡೆ ಹೋಗುತ್ತಿದ್ದ. ಅವಳು ಅವನ ಸೈಕಲ್ಲಿನ ಗಂಟೆ ಕೇಳಿದರೆ ಮಾಡುತ್ತಿದ್ದ ಕೆಲಸ ನಿಲ್ಲಿಸಿ, ಅದು ದೂರ ಹೋಗುವವರೆಗೂ ಹಾಗೇ ನಿಂತಿರುತ್ತಿದ್ದಳು.

ಕೊನೆಗೆ ಅವನಿಗೆ ಬೇರೆ ಕಡೆ ಹೆಣ್ಣು ಸಿಕ್ಕಿತು. ಊರಿಗೆಲ್ಲ ಕರೆಯೋಲೆ ಹಂಚುತ್ತಾ ಬಂದವನು ಅಕ್ಕನ ಮನೆಯನ್ನು ಬಿಡುವ ಹಾಗಿರಲಿಲ್ಲ, ಊರು ಏನನ್ನುತ್ತದೆ? ಜಗಲಿಯ ಮುಂದೆ ನಿಂತ. ಕರೆಯೋಲೆಯನ್ನು ನೆಲದ ಮೇಲಿಟ್ಟು ಹಿಂದಕ್ಕೆ ಸರಿದ. ನಾನು ನಮ್ಮ ಬಾಗಿಲಿನಿಂದ ನೋಡುತ್ತಿದ್ದೆ. ಓಡಿ ಹೋಗಿ ನಾನೇ ಎತ್ತಿಕೊಡೋಣ ಅಂತ ಒಂದು ಹೆಜ್ಜೆ ಇಟ್ಟೆ. ಅಕ್ಕ ಕಣ್ಣಲ್ಲೇ ತಡೆದಳು. ಜಗಲಿ ಇಳಿದು ಬಂದು, ಅವನ ಮುಂದೆ ಪೂರ್ತಿ ಬಗ್ಗಿ, ಎರಡೂ ಕೈಯಲ್ಲಿ ಕರೆಯೋಲೆ ಎತ್ತಿಕೊಂಡು ಕಣ್ಣಿಗೊತ್ತಿಕೊಂಡಳು. ಹುಡುಗ ತಿರುಗಿ ಹೊರಟುಹೋದ. ಆಮೇಲೆ ನನಗೆ ಅಂದಳು, "ಇದು ನಾನು ಬಗ್ಗಬೇಕಾದ್ದೇ ಕಣ್ಲಾ." ಮದುವೆಗೆ ಹೋದಳು. ಪಂಕ್ತಿಯಲ್ಲಿ ಬಡಿಸಲು ನಿಂತಳು. ಅವನ ಎಲೆಗೆ ಬಡಿಸುವಾಗ ಏನಾದರೂ ಅಂದಳೋ, ಅವನು ಏನಾದರೂ ಅಂದನೋ, ನನಗೆ ಕಾಣಲಿಲ್ಲ...

ಸೂಪರ್‌ವೈಸರ್ ವಿಚಾರದಲ್ಲಿ ಮಾತ್ರ ಅವಳು ಒಂದು ಕೂದಲೆಳೆಯಷ್ಟೂ ಸಡಿಲ ಬಿಡಲಿಲ್ಲ. "ಬಗ್ಗಿದನಲ್ಲ ಅಕ್ಕ, ಇನ್ನಾದ್ರೂ ಬುಟ್ಬುಡು," ಅಂತ ಒಮ್ಮೆ ನಾನೇ ಹೇಳಿದ್ದೆ. "ಬಗ್ಗಿದ್ದು ಓಟಕ್ಕೆ. ನಂಗಲ್ಲ. ತಪ್ಪಾಯ್ತು ಅಂತ ಬಾಯಲ್ಲಿ ಬಂತಾ?" ಅಂದಳು. ಬಂದಿರಲಿಲ್ಲ. ಅವಳು ಇರುವವರೆಗೂ ಬರಲಿಲ್ಲ. ಅಕ್ಕ ಹೋಗಿ ಬಹಳ ವರ್ಷಗಳಾದವು. ಯಾರಿಗೂ ಹೊರೆಯಾಗದೆ, ಬೆಳಗ್ಗೆ ಮೇಕೆ ಬಿಚ್ಚಲು ಎದ್ದವಳು ಕೊಟ್ಟಿಗೆಯ ಬಾಗಿಲಲ್ಲೇ ಕೂತು ಹಾಗೇ ಹೋಗಿದ್ದಳು. ಅವಳ ಮನೆಯಿದ್ದ ಜಾಗದಲ್ಲಿ ಈಗ ಲಾರಿಗಳು ನಿಲ್ಲುತ್ತವೆ.

ಇನ್ನು ಗೇಟಿನ ಹತ್ತಿರ ನಿಂತ ಮುದುಕ. ನಿಮಗೆ ಆಗಲೇ ಗೊತ್ತಾಗಿರಬೇಕು. ಹೋದ ವಾರ ನಮ್ಮನೆಗೆ ಬಂದವನು ಅವನೇ. ಕೂದಲೆಲ್ಲ ಬೆಳ್ಳಗಾಗಿದೆ, ಮಂಡಿ ಹಿಡಿದುಕೊಂಡು ನಡೆಯುತ್ತಾನೆ. ಮಗನ ಗೃಹಪ್ರವೇಶವಂತೆ. ಹಳೆಯ ಸಹೋದ್ಯೋಗಿಗಳನ್ನೆಲ್ಲ ಹುಡುಕಿಕೊಂಡು ಕರೆಯುತ್ತಿದ್ದಾನಂತೆ. ಎರಡೂ ಕೈಯಲ್ಲಿ ಕಾರ್ಡು ಹಿಡಿದು ನನ್ನ ಕಡೆ ಚಾಚಿದ. "ಹಳೇ ಸ್ನೇಹಿತರು ನೀವೆಲ್ಲ ಬರಬೇಕು," ಅಂದ. ಒಳಗಿನಿಂದ ಹುಚ್ಚೆಳ್ಳಿನ ವಾಸನೆ ಬರುತ್ತಲೇ ಇತ್ತು. ಅವನ ಮೂಗಿಗೂ ಬಡಿದಿರಬೇಕು. ನಾನು ಕಾದೆ. ತಪ್ಪಾಯ್ತು ಅನ್ನುವ ಆ ಒಂದು ಮಾತು ಈಗಲಾದರೂ ಬರುತ್ತದೇನೋ ಅಂತ. ಅವನು ಬಿಸಿಲು ಜಾಸ್ತಿ ಅಂದ, ರಸ್ತೆ ಅಗಲವಾಯಿತು ಅಂದ, "ಎದುರಿಗೆ ಮನೆ ಇತ್ತಲ್ಲ?" ಅಂದ.

"ಕೆಳಗಿಡಿ," ಅಂದೆ.

ಅವನು ನನ್ನ ಮುಖ ನೋಡಿದ. ನನ್ನ ಕೈ ನೋಡಿದ. ಅವು ಬೆನ್ನ ಹಿಂದಿದ್ದವು. ಅರ್ಥವಾಯಿತು. ಮಂಡಿಗೆ ಕೈಯೂರಿ, ನಿಧಾನಕ್ಕೆ ಬಗ್ಗಿ, ಕಾರ್ಡನ್ನು ಮೆಟ್ಟಿಲ ಮೇಲಿಟ್ಟ. ಏಳಲು ಕಷ್ಟವಾಯಿತು. ನಾನು ಹಿಡಿಯಲಿಲ್ಲ. ಮಂಡಿ ಹಿಡಿದುಕೊಂಡೇ ಹೊರಟುಹೋದ.

ಸೌಟು ಹಿಡಿದು ಹೊರಗೆ ಬಂದ ನನ್ನ ಹೆಂಡತಿ, "ಯಾರೀ ಅದು? ಎತ್ಕೊಳ್ಳಿ, ಗಾಳಿಗೆ ಹೋಗುತ್ತೆ," ಅಂದಳು.

"ಹೋಗ್ಲಿ."

ಅಷ್ಟು ಅಂದವನಿಗೆ ಒಳಗೊಳಗೇ ಕುಣಿಯುವಷ್ಟು ಹಿಗ್ಗು ಬಂತು. ಇದನ್ನು ಅಕ್ಕನಿಗೆ ಈಗಿಂದೀಗಲೇ ಹೇಳಬೇಕು, ಎರಡನೇ ಸಲವೂ ಬಗ್ಗಿದ ಅಂತ ಹೇಳಬೇಕು ಅನ್ನಿಸಿ, ಕಾಲುಗಳು ತಾವಾಗಿ ಎದ್ದು ಗೇಟಿನವರೆಗೂ ಹೋಗಿಬಿಟ್ಟವು. ಗೇಟಿನ ಚಿಲಕ ತೆಗೆದೂ ಆಗಿತ್ತು. ಎದುರಿಗೆ ಒಂದು ಲಾರಿ ಹಿಂದಕ್ಕೆ ಬರುತ್ತಾ ಕೀಂ ಕೀಂ ಅನ್ನುತ್ತಿತ್ತು.

ಚಿಲಕ ಹಾಕಿಕೊಂಡು ಬಂದು ಕೂತೆ. ಕಾರ್ಡು ಇನ್ನೂ ಮೆಟ್ಟಿಲ ಮೇಲೇ ಇದೆ.